ನಿಮ್ಮ ಗುರು ಯಾರು, ಮೇಷ್ಟ್ರೇ?



ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೈಸೂರಿನಿಂದ ದೂರವಾಣಿಯಲ್ಲಿ ಮಾತನಾಡುತ್ತಾ, "ಸಾರ್, ನೀವು ಶಾಲೆಯ ವಿಷಯ ಬರೆಯುತ್ತೀರಿ, ಊರಿನ ವಿಷಯ ಬರೆಯುತ್ತೀರಿ. ದಿನವೂ ಪ್ರಾರ್ಥನೆ ಮಾಡುವವರು ನೀವು, ಅದರ ವಿಷಯ ಮಾತ್ರ ಒಂದು ಸಾಲೂ ಬರೆದಿಲ್ಲವಲ್ಲ" ಎಂದಳು. ನಾನು ಏನೋ ಹೇಳಿ ಮಾತು ತಿರುಗಿಸಿದೆ. ನಿಜವಾದ ಕಾರಣ ಬೇರೆ ಇತ್ತು. ನನ್ನ ಪ್ರಾರ್ಥನೆಯ ಕಥೆಯನ್ನು ಬರೆಯಬೇಕಾದರೆ ನನ್ನ ಒಂದು ತಪ್ಪಿನ ಕಥೆಯನ್ನೂ ಬರೆಯಬೇಕಾಗುತ್ತದೆ. ಆ ತಪ್ಪು ನಡೆದದ್ದು ತರಗತಿಯಲ್ಲಿ, ನಿಮ್ಮಲ್ಲಿ ಕೆಲವರ ಕಣ್ಣೆದುರಿಗೇ. ಎಪ್ಪತ್ತೈದು ದಾಟಿದ ಮೇಲೆ ಇಂಥದ್ದನ್ನು ಮುಚ್ಚಿಟ್ಟುಕೊಂಡು ಹೋಗುವುದು ಸರಿಯಲ್ಲವೆನಿಸಿ ಇಂದು ಬರೆಯಲು ಕುಳಿತಿದ್ದೇನೆ.

ನಿಮ್ಮಲ್ಲಿ ಹೆಚ್ಚಿನವರು ಕ್ರೈಸ್ತರಲ್ಲವೆಂಬುದು ನನಗೆ ಗೊತ್ತು. ಯಾರ ಮನಸ್ಸನ್ನೂ ಬದಲಾಯಿಸುವ ಉದ್ದೇಶದಿಂದ ಇದನ್ನು ಬರೆಯುತ್ತಿಲ್ಲ. ನಿಮ್ಮ ಮೇಷ್ಟ್ರು ತಾನೂ ಒಬ್ಬರ ಬಳಿ ಪಾಠ ಕಲಿಯಲು ಕುಳಿತ ಬಗೆಯನ್ನು ತಿಳಿಸುವುದಷ್ಟೇ ನನ್ನ ಆಸೆ.

ನಾನು ನಿವೃತ್ತನಾದದ್ದು 2004ರಲ್ಲಿ. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಹುಟ್ಟೂರಾದ ಜಂಗಮಕೋಟೆಗೆ ಬಂದು ನೆಲೆಸಿದೆ. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. 2005ರ ಗುರುಪೂರ್ಣಿಮೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ಹಿರಿಯರು ಶುಭ್ರವಾದ ಪಂಚೆಯುಟ್ಟು ಕೈವಾರಕ್ಕೆ ಹೊರಟಿದ್ದರು. ಚಿಂತಾಮಣಿ ತಾಲ್ಲೂಕಿನ ಕೈವಾರವೆಂದರೆ ನಮ್ಮ ಸೀಮೆಯವರಿಗೆ ಬೇರೆ ಪರಿಚಯ ಬೇಡ. ಬಳೆ ಮಾರುತ್ತಿದ್ದ ನಾರಾಯಣಪ್ಪನವರು ಯೋಗಿ ನಾರೇಯಣರಾಗಿ, ಜನರ ಬಾಯಲ್ಲಿ ತಾತಯ್ಯನವರಾಗಿ, ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿ ಜನರಿಗೆ ದಾರಿ ತೋರಿದ ಊರು ಅದು. ಗುರುಪೂರ್ಣಿಮೆಯಂದು ಅಲ್ಲಿ ಸಂಗೀತೋತ್ಸವ ನಡೆಯುತ್ತದೆ.

ಆ ಹಿರಿಯರು ನಮ್ಮ ಜಗಲಿಯ ಬಳಿ ನಿಂತು, "ಮೇಷ್ಟ್ರೇ, ನೀವು ಎಷ್ಟೋ ಜನಕ್ಕೆ ಗುರುಗಳು. ನಿಮ್ಮ ಗುರು ಯಾರು?" ಎಂದು ಕೇಳಿದರು.

"ಯೇಸುಸ್ವಾಮಿ" ಎಂದೆ, ತಡಮಾಡದೆ.

ಅವರು ಸ್ವಲ್ಪ ಯೋಚಿಸಿ, "ಅವರು ನಿಮ್ಮ ದೇವರಲ್ಲವೇ? ನಾನು ಕೇಳಿದ್ದು ಗುರುವಿನ ವಿಷಯ. ತಪ್ಪು ಮಾಡಿದಾಗ ನಿಮ್ಮನ್ನು ತಿದ್ದುವವರು ಯಾರು ಅಂತ" ಎಂದರು.

ಬಸ್ಸಿನ ಹೊತ್ತಾಯಿತೆಂದು ಅವರು ಹೊರಟುಹೋದರು. ಪ್ರಶ್ನೆ ಮಾತ್ರ ನನ್ನ ಬಳಿಯೇ ಉಳಿಯಿತು. ನಾನು ದಿನವೂ ಪ್ರಾರ್ಥನೆ ಮಾಡುತ್ತಿದ್ದೆ, ನಿಜ. ಆದರೆ ಆ ಪ್ರಾರ್ಥನೆಯಲ್ಲಿ ಯೇಸುಸ್ವಾಮಿ ನನ್ನನ್ನು ತಿದ್ದಿದ್ದು ಯಾವಾಗ? ಎಷ್ಟು ಯೋಚಿಸಿದರೂ ಒಂದು ಉದಾಹರಣೆಯೂ ಹೊಳೆಯಲಿಲ್ಲ.

ಇದಕ್ಕೆ ನಾನು ಬೆಳೆದ ರೀತಿಯೂ ಒಂದು ಕಾರಣವೆನ್ನಬೇಕು. ನಮ್ಮ ಮನೆಗೆ ಕ್ರಿಸ್ತನು ಬಂದದ್ದು ವೈದ್ಯನಾಗಿ. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನರಿ ಸೊಸೈಟಿಯವರು ಕಟ್ಟಿಸಿದ ಆಸ್ಪತ್ರೆಯಿದೆ. 1947ರಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾದ ಮೇಲೆ ಅದು ಸಿ.ಎಸ್.ಐ. ಆಸ್ಪತ್ರೆಯೆಂದೇ ಹೆಸರಾಯಿತು. ನಮ್ಮ ಅಜ್ಜಿ ಹೆರಿಗೆಯ ಕಾಲದಲ್ಲಿ ಸಾಯುವ ಸ್ಥಿತಿಗೆ ಬಂದು, ಎತ್ತಿನ ಗಾಡಿಯಲ್ಲಿ ಆ ಆಸ್ಪತ್ರೆಗೆ ಹೋಗಿ ಬದುಕಿ ಬಂದರಂತೆ. ಆಗ ಹುಟ್ಟಿದ ಮಗುವೇ ನನ್ನ ತಾಯಿ. ಆದುದರಿಂದ ಅಮ್ಮನ ಪ್ರಾರ್ಥನೆಯೆಲ್ಲವೂ ವೈದ್ಯನ ಮುಂದೆ ನಿಂತವರ ಮಾತಿನಂತೆಯೇ ಇರುತ್ತಿತ್ತು. ಮನೆಯಲ್ಲಿ ಆಡುವ ಮಾತು ತೆಲುಗು, ಪ್ರಾರ್ಥನೆ ಮಾತ್ರ ಕನ್ನಡ. ಬುಡ್ಡಿದೀಪದ ಮುಂದೆ ಕುಳಿತು ಅಮ್ಮ ಕೇಳುವಳು: ಮಗುವಿನ ಕೆಮ್ಮು ನಿಲ್ಲಲಿ, ಮಳೆ ಬರಲಿ, ಗೂಡಿಗೆ ಒಳ್ಳೆಯ ಬೆಲೆ ಸಿಗಲಿ. ಅದರಲ್ಲಿ ತಪ್ಪೇನೂ ಇಲ್ಲ. ಅವಳು ಕೇಳಿದ ರೀತಿಯನ್ನು ಇಂದಿಗೂ ಗೌರವಿಸುತ್ತೇನೆ. ಆದರೆ ನಾನು ದೊಡ್ಡವನಾಗಿ, ಮೇಷ್ಟ್ರಾಗಿ, ಐವತ್ತೆಂಟು ವರ್ಷ ತುಂಬಿದ ಮೇಲೂ ಕೇಳುವುದನ್ನು ಮಾತ್ರ ಮಾಡುತ್ತಿದ್ದೆ. ವರ್ಗಾವಣೆ ಬೇಡ, ಮಗಳ ಮದುವೆಯಾಗಲಿ, ರಕ್ತದೊತ್ತಡ ಇಳಿಯಲಿ. ಪಟ್ಟಿ ಓದಿ ಮುಗಿಸಿ ಏಳುತ್ತಿದ್ದೆ. ತರಗತಿಯಲ್ಲಿ ತನಗೆ ಬೇಕಾದುದನ್ನಷ್ಟೇ ಕೇಳಿ, ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಓಡಿಹೋಗುವ ಹುಡುಗನನ್ನು ನಾನು ಶಿಷ್ಯನೆಂದು ಕರೆಯುತ್ತಿದ್ದೆನೇ?

ಆ ದಿನ ಸಂಜೆ ಸುವಾರ್ತೆಗಳನ್ನು ಮೊದಲಿನಿಂದ ಓದಲು ಆರಂಭಿಸಿದೆ. ಈ ಬಾರಿ ಕನ್ನಡ ಮೇಷ್ಟ್ರ ಕಣ್ಣಿನಿಂದ ಓದಿದೆ. ಜನರು ಯೇಸುವನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋದೆ. ನನಗೆ ಆಶ್ಚರ್ಯವಾಯಿತು. ಪುಟಪುಟದಲ್ಲಿಯೂ 'ಬೋಧಕನೇ', 'ಗುರುವೇ' ಎಂದೇ ಕರೆಯುತ್ತಾರೆ. ಮಿತ್ರರೂ ಹಾಗೆ ಕರೆಯುತ್ತಾರೆ, ವಾದಕ್ಕೆ ಬಂದವರೂ ಹಾಗೆಯೇ ಕರೆಯುತ್ತಾರೆ. ಪುನರುತ್ಥಾನದ ಬೆಳಗಿನಲ್ಲಿ ಮಗ್ದಲದ ಮರಿಯಳು ಆತನನ್ನು ತೋಟಗಾರನೆಂದು ತಪ್ಪು ತಿಳಿದು, ಆತನು ಹೆಸರು ಹಿಡಿದು ಕರೆದಾಗ ಗುರುತಿಸಿ, ಬಾಯಿಂದ ಹೊರಡಿಸಿದ ಮೊದಲ ಮಾತೂ 'ಗುರುವೇ' ಎಂಬರ್ಥದ್ದೇ. ಆತನ ಹಿಂದೆ ಹೋದವರಿಗೆ ನಮ್ಮ ಬೈಬಲಿನಲ್ಲಿರುವ ಹೆಸರು 'ಶಿಷ್ಯರು'. 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಹೀಗೆ ಬೈಬಲು ಕನ್ನಡಕ್ಕೆ ಬಂದಾಗ 'ಗುರು', 'ಶಿಷ್ಯ' ಎಂಬ ಮಾತುಗಳನ್ನು ಹೊಸದಾಗಿ ಹುಟ್ಟಿಸಬೇಕಾಗಿರಲಿಲ್ಲ. ನೂರಾರು ವರ್ಷಗಳಿಂದ ಬಳಕೆಯಲ್ಲಿ ನುಣುಪಾದ ಮಾತುಗಳು ಸಿದ್ಧವಾಗಿಯೇ ಇದ್ದವು.

ಇನ್ನೊಂದು ಸಂಗತಿಯೂ ತಿಳಿಯಿತು. ಇಂಗ್ಲೆಂಡಿನಲ್ಲಿ 1611ರಲ್ಲಿ ಪ್ರಕಟವಾದ ಪ್ರಸಿದ್ಧ ಬೈಬಲ್ ಅನುವಾದದಲ್ಲಿ ಇದೇ 'ಬೋಧಕ' ಎಂಬ ಗ್ರೀಕ್ ಪದಕ್ಕೆ 'ಮಾಸ್ಟರ್' ಎಂದು ಹಾಕಿದ್ದಾರೆ. ನಮ್ಮ ಹಳ್ಳಿಗಳಲ್ಲಿ 'ಮೇಷ್ಟ್ರು' ಆದದ್ದು ಅದೇ ಮಾತು! ಕೈವಾರದಿಂದ ಹಿಂದಿರುಗಿದ ಹಿರಿಯರಿಗೆ ಇದನ್ನು ಹೇಳಿದಾಗ ಅವರು ನಕ್ಕು, "ಹಾಗಾದರೆ ನಿಮ್ಮ ಸ್ವಾಮಿಯೂ ಮೇಷ್ಟ್ರೇ ಅನ್ನಿ" ಎಂದರು. ನಾನೂ ನಕ್ಕೆ. ಆದರೆ ಒಳಗೆ ಒಂದು ಬಗೆಯ ಭಯವೂ ಹುಟ್ಟಿತು. ವೈದ್ಯನ ಮುಂದೆ ನೋವನ್ನು ತೋರಿಸಿದರೆ ಸಾಕು. ಮೇಷ್ಟ್ರ ಮುಂದೆ ಪುಸ್ತಕವನ್ನು ಬಿಚ್ಚಿ ತೋರಿಸಬೇಕು.

ಈ ಮೇಷ್ಟ್ರು ಎಂಥವರು ಎಂದು ನೋಡುತ್ತಾ ಹೋದೆ. ಶಾಲೆಯ ಕಟ್ಟಡವಿಲ್ಲ, ಹಾಜರಿ ಪುಸ್ತಕವಿಲ್ಲ, ಬೆತ್ತವಿಲ್ಲ. ಗಲಿಲಾಯದ ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಾ, ದೋಣಿಯಲ್ಲಿ ಕುಳಿತು, ಬೆಟ್ಟದ ಮೇಲೆ ಕುಳಿತು, ಊಟದ ಪಂಕ್ತಿಯಲ್ಲಿ ಕುಳಿತು ಕಲಿಸಿದವರು. ನಮ್ಮ ಊರಿನ ಹೆಸರಿನಲ್ಲಿಯೇ 'ಜಂಗಮ' ಎಂಬ ಮಾತಿದೆ. ಒಂದೆಡೆ ನಿಲ್ಲದೆ ಚಲಿಸುವುದು ಜಂಗಮ. ಮನೆಯ ಬಾಗಿಲಿಗೆ ನಡೆದು ಬರುವ ಗುರುವನ್ನು ಜಂಗಮನೆಂದು ಗೌರವಿಸುವ ನಾಡು ನಮ್ಮದು. ಯೇಸುಸ್ವಾಮಿಯೂ ಜಂಗಮ ಗುರುವೇ ಎಂದು ನನಗೆ ಅನ್ನಿಸಿತು. ಆತನು ಶಿಷ್ಯರಿಗೆ ಕೊಟ್ಟ ಮೊದಲ ಪಾಠವೂ ತನ್ನ ಹಿಂದೆ ಬರಬೇಕೆಂಬುದೇ ಆಗಿತ್ತು. ಬಾಯಿಪಾಠ ಮಾಡಿರೆಂದು ಎಲ್ಲಿಯೂ ಹೇಳಲಿಲ್ಲ. ನಡೆಯುವ ಗುರುವಿನ ಶಿಷ್ಯನು ಕುಳಿತುಕೊಂಡೇ ಕಲಿಯುವುದು ಹೇಗೆ ಸಾಧ್ಯ?

ಸುವಾರ್ತೆಗಳಲ್ಲಿ ಯೇಸುವು ಬರೆದನೆಂದು ಬರುವುದು ಒಂದೇ ಪ್ರಸಂಗದಲ್ಲಿ. ಆತನು ಬರೆದದ್ದೂ ಮಣ್ಣಿನ ಮೇಲೆ. ನಾವೆಲ್ಲರೂ ಮೊದಲು 'ಅ' ತಿದ್ದಿದ್ದು ಮರಳಿನ ಮೇಲೆಯೇ ಆದ್ದರಿಂದ ಆ ಪ್ರಸಂಗವೆಂದರೆ ನನಗೆ ವಿಶೇಷ ಪ್ರೀತಿ. ತಪ್ಪು ಮಾಡಿದಳೆಂದು ಒಬ್ಬ ಹೆಂಗಸನ್ನು ಜನರು ಎಳೆತಂದು ನಡುವೆ ನಿಲ್ಲಿಸಿ, ಕಲ್ಲೆಸೆಯಬೇಕೇ ಎಂದು ಕೇಳುತ್ತಾರೆ. ಅವರೂ 'ಬೋಧಕನೇ' ಎಂದೇ ಕರೆಯುತ್ತಾರೆ. ಎಲ್ಲರ ಕಣ್ಣೂ ಅವಳ ಮೇಲೆ. ಗುರು ಮಾತ್ರ ಬಗ್ಗಿ ನೆಲದ ಮೇಲೆ ಬೆರಳಿನಿಂದ ಬರೆಯುತ್ತಾನೆ. ಏನು ಬರೆದನೆಂದು ಹೇಳಿಲ್ಲ. ನಾಚಿಕೆಯಿಂದ ತಲೆತಗ್ಗಿಸಿದವಳನ್ನು ಆತನು ದಿಟ್ಟಿಸಿ ನೋಡಲಿಲ್ಲ. ಇದಷ್ಟೇ ನನ್ನ ಕಣ್ಣಿಗೆ ಬಿದ್ದದ್ದು. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಆ ದಿನಗಳಲ್ಲಿ ಪರಿಚಯದ ಸಭಾಪಾಲಕರೊಬ್ಬರು ಕೆಲವು ಪುಸ್ತಕಗಳನ್ನು ಓದಲು ಕೊಟ್ಟರು. ಕ್ರಿಸ್ತನನ್ನು ಗುರುವೆಂದು ಪ್ರಾರ್ಥಿಸಿದವರು ಬಹಳ ಹಿಂದೆಯೇ ಇದ್ದರೆಂದು ಅವುಗಳಿಂದ ತಿಳಿಯಿತು. ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದಲ್ಲಿ ಸುಮಾರು ಕ್ರಿ.ಶ. 200ರ ಕಾಲದಲ್ಲಿ ಕ್ಲೆಮೆಂಟ್ ಎಂಬ ಉಪಾಧ್ಯಾಯರಿದ್ದರು. ಅವರು ಕ್ರಿಸ್ತನನ್ನು ಕುರಿತು 'ಪೈಡಗೋಗೋಸ್' ಎಂಬ ಗ್ರಂಥ ಬರೆದು, ಅದರ ಕೊನೆಯಲ್ಲಿ ಆ ಗುರುವಿಗೇ ಪ್ರಾರ್ಥನೆ ಸಲ್ಲಿಸಿದ್ದಾರೆ. ಗ್ರೀಕರಲ್ಲಿ ಪೈಡಗೋಗೋಸ್ ಎಂದರೆ ಪಾಠ ಹೇಳುವ ವಿದ್ವಾಂಸನಲ್ಲ. ಮನೆಯ ಮಗುವನ್ನು ಶಾಲೆಗೆ ಕರೆದುಕೊಂಡು ಹೋಗಿ, ಕರೆದುಕೊಂಡು ಬಂದು, ದಾರಿಯಲ್ಲಿ ಅದರ ನಡತೆಯನ್ನು ನೋಡಿಕೊಳ್ಳುವ ಆಳು. ಮಗುವಿನ ಜೊತೆಗೆ ಆ ದಾರಿಯನ್ನು ದಿನವೂ ನಡೆಯುವವನು. ಕ್ರಿಸ್ತನಿಗೆ ಅಂಥ ಆಳಿನ ಹೆಸರನ್ನಿಟ್ಟ ಆ ಹಿರಿಯರ ಧೈರ್ಯಕ್ಕೆ ಮನಸ್ಸಿನಲ್ಲಿಯೇ ನಮಸ್ಕರಿಸಿದೆ.

ಇನ್ನೊಬ್ಬರು ಸಂತ ಅಗಸ್ಟೀನರು. ತಮ್ಮ ಮಗ ಅದೆಯೊದಾತುಸನ ಜೊತೆ ನಡೆದ ಸಂಭಾಷಣೆಯ ರೂಪದಲ್ಲಿ 389ರ ಸುಮಾರಿಗೆ 'ಗುರುವನ್ನು ಕುರಿತು' ಎಂಬ ಅರ್ಥದ ಹೆಸರುಳ್ಳ ಒಂದು ಪುಸ್ತಕವನ್ನು ಬರೆದರು. ಆ ಮಗ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ. ಹೊರಗಿನ ಮೇಷ್ಟ್ರು ಮಾತುಗಳಿಂದ ಬೊಟ್ಟುಮಾಡಿ ತೋರಿಸಬಲ್ಲನೇ ಹೊರತು, ಅದು ನಿಜವೆಂದು ಒಳಗೆ ಅರಿವು ಮೂಡಿಸುವ ಗುರು ಕ್ರಿಸ್ತನೊಬ್ಬನೇ ಎಂಬುದು ಅದರ ಸಾರಾಂಶ. ನಮ್ಮ ದೇಶದ ಸಾಧು ಸುಂದರ ಸಿಂಗರು ಕೂಡ ಗುರುಪಾದದಲ್ಲಿ ಕುಳಿತ ಶಿಷ್ಯನು ಪ್ರಶ್ನೆ ಕೇಳಿ ಉತ್ತರ ಪಡೆಯುವ ರೀತಿಯಲ್ಲಿಯೇ ಉರ್ದುವಿನಲ್ಲಿ ಒಂದು ಪುಸ್ತಕ ಬರೆದರು. ಅದರ ಇಂಗ್ಲಿಷ್ ಅನುವಾದ 1922ರಲ್ಲಿ ಪ್ರಕಟವಾಯಿತು. ಇವನ್ನೆಲ್ಲ ಓದಿದಾಗ, ಮೂವತ್ತನಾಲ್ಕು ವರ್ಷ ನಾನೇ ಕಲಿಸಿದೆನೆಂದು ತಿಳಿದಿದ್ದ ನನ್ನ ಹೆಮ್ಮೆ ಸ್ವಲ್ಪ ಇಳಿಯಿತು. ಅದರಿಂದ ಒಂದು ಸಮಾಧಾನವೂ ಆಯಿತು.

ಹೀಗೆ ನನ್ನ ಪ್ರಾರ್ಥನೆಯ ಕ್ರಮವನ್ನು ಬದಲಾಯಿಸಿದೆ. ಬೇಡಿಕೆಯ ಪಟ್ಟಿಯನ್ನು ಕೊನೆಗೆ ತಳ್ಳಿ, ಮೊದಲು "ಗುರುವೇ, ಇಂದು ನನಗೆ ಏನು ಕಲಿಸುತ್ತೀಯೆ?" ಎಂದು ಕೇಳಿ ಸುಮ್ಮನೆ ಕುಳಿತುಕೊಳ್ಳತೊಡಗಿದೆ. ಮೊದಲ ಕೆಲವು ದಿನ ಏನೂ ಆಗಲಿಲ್ಲ. ತೂಕಡಿಕೆ ಬರುತ್ತಿತ್ತು. ಆಮೇಲೆ ಒಂದು ಮುಖ ಕಾಣಿಸಿಕೊಳ್ಳಲಾರಂಭಿಸಿತು. ಪ್ರತಿದಿನವೂ ಅದೇ ಮುಖ. ಮಣ್ಣಿನ ಮೇಲೆ ಬರೆದ ಗುರುವಿನ ಪ್ರಸಂಗವನ್ನು ಓದಿದ ರಾತ್ರಿ ನನ್ನ ನಿದ್ರೆ ಕೆಡಿಸಿದ ಮುಖವೂ ಅದೇ.

ಅದು 1981ನೆಯ ಇಸವಿ. ಶಾಲೆಯ ಹೆಸರು ಬೇಡ, ತಪ್ಪು ನನ್ನದು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಆ ವಾರ ಮೂರು ದಿನವೂ ತಡವಾಗಿ ಬಂದಿದ್ದ. ಅಂಗಿಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಕಲೆ. ನಾನು ಹಳಗನ್ನಡ ಪದ್ಯವೊಂದನ್ನು ವಿವರಿಸುತ್ತಿದ್ದಾಗ ಅವನು ಕುಳಿತಲ್ಲಿಯೇ ನಿದ್ರೆಹೋದ. ನಾನು ಅವನನ್ನು ಎಬ್ಬಿಸಿ, ನಡುವೆ ನಿಲ್ಲಿಸಿ, ಅವನು ರೇಷ್ಮೆ ತಟ್ಟೆಯಲ್ಲಿರಬೇಕಾದವನು, ಬೆಂಚಿನ ಮೇಲೆ ಇರಬೇಕಾದವನಲ್ಲ ಎಂಬರ್ಥದ ಒಂದು ಮಾತನ್ನಾಡಿ, ಅವನಿಗೊಂದು ಹೆಸರಿಟ್ಟೆ. ತರಗತಿ ಗೊಳ್ಳೆಂದು ನಕ್ಕಿತು. ನನ್ನ ಮಾತಿನ ಚಾತುರ್ಯಕ್ಕೆ ನಾನೂ ಮೆಚ್ಚಿಕೊಂಡೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂದಿನಿಂದ ಶಾಲೆಯಲ್ಲೆಲ್ಲ ಅವನಿಗೆ ಅದೇ ಹೆಸರಾಯಿತು. ಒಂದು ತಿಂಗಳೊಳಗೆ ಅವನು ಶಾಲೆ ಬಿಟ್ಟ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನೂ ನಾನೇ.

ಇದರಲ್ಲಿ ನನಗೆ ಇಂದಿಗೂ ಚುಚ್ಚುವುದು ಒಂದು ವಿಷಯ. ನನಗೆ ಗೊತ್ತಿತ್ತು. ನಾನೂ ರೇಷ್ಮೆ ಬೆಳೆಯುವ ಮನೆಯಲ್ಲಿಯೇ ಹುಟ್ಟಿದವನು. ಹುಳು ನಾಲ್ಕನೆಯ ಜ್ವರ ಎದ್ದ ಮೇಲೆ ಕೊನೆಯ ವಾರದಲ್ಲಿ ತಿನ್ನುವ ಸೊಪ್ಪು, ಅದರ ಹಿಂದಿನ ದಿನಗಳೆಲ್ಲದರ ಸೊಪ್ಪನ್ನು ಮೀರಿಸುತ್ತದೆ. ಹಗಲು ರಾತ್ರಿಯೆನ್ನದೆ ಮನೆಮಂದಿಯೆಲ್ಲ ಸೊಪ್ಪು ಹಾಕಬೇಕು. ಆ ಹುಡುಗ ರಾತ್ರಿಯೆಲ್ಲ ಎದ್ದಿದ್ದನೆಂದು ಅವನ ಅಂಗಿಯನ್ನು ನೋಡಿದ ಕೂಡಲೇ ನನಗೆ ತಿಳಿದಿತ್ತು. ತಿಳಿದೂ ಆ ಮಾತನ್ನಾಡಿದೆ. ಅಂದು ನಕ್ಕವರಲ್ಲಿ ಕೆಲವರು ಇದನ್ನು ಓದುತ್ತಿರಬಹುದು. ನೀವು ಮಕ್ಕಳು. ನಗಿಸಿದವನು ನಾನು. ಅದರ ಭಾರ ನಿಮ್ಮದಲ್ಲ.

"ಗುರುವೇ, ಏನು ಕಲಿಸುತ್ತೀಯೆ?" ಎಂದು ಕೇಳಿದವನಿಗೆ ಪಾಠವೇನೋ ಸಿಕ್ಕಿತು. ಆದರೆ ಮನೆಗೆಲಸ ಮಾಡಲು ನಾನು ಸಿದ್ಧನಿರಲಿಲ್ಲ. ನಾನು ನೋಡಿದ ಎಲ್ಲ ಸೋಮಾರಿ ವಿದ್ಯಾರ್ಥಿಗಳ ನೆಪಗಳನ್ನೂ ನಾನೇ ಹೇಳಿದೆ. ಅವನು ಮರೆತಿರುತ್ತಾನೆ, ಈಗ ಹೋದರೆ ಅವನಿಗೇ ಮುಜುಗರ, ನಿನ್ನ ಬಳಿ ಕ್ಷಮೆ ಕೇಳಿದೆನಲ್ಲ, ಸಾಲದೇ? ಹೀಗೆ ಸುಮಾರು ಮೂರು ವರ್ಷ ಕಳೆದವು. ಪ್ರಾರ್ಥನೆಗೆ ಕುಳಿತರೆ ಅದೇ ಮುಖ. ಒಂದೆರಡು ಬಾರಿ ಬೇಸರದಿಂದ ಹಳೆಯ ಬೇಡಿಕೆಯ ಪಟ್ಟಿಗೇ ಹಿಂದಿರುಗಿದೆ. ಅದು ರುಚಿಸಲಿಲ್ಲ. ನಾವು ಮಾಡದ ಲೆಕ್ಕವನ್ನು ಬಿಟ್ಟು ಮುಂದಿನ ಪಾಠಕ್ಕೆ ಹೋಗದ ಮೇಷ್ಟ್ರು ಅವರು.

2008ರಲ್ಲಿ ಒಂದು ದಿನ ವಿಚಾರಿಸಿಕೊಂಡು ಅವನ ಹಳ್ಳಿಗೆ ಹೊರಟೆ. ನಮ್ಮ ಹೋಬಳಿಯೇ, ದೂರವೇನಲ್ಲ. ಅವನು ಹುಳುಮನೆಯಲ್ಲಿದ್ದ. ನನ್ನನ್ನು ಕಂಡು ಗುರುತಿಸಿದನೆಂಬುದು ಅವನ ಮುಖದಲ್ಲಿಯೇ ತಿಳಿಯಿತು. ನಗಲಿಲ್ಲ. "ಬನ್ನಿ ಸಾ. ಕೈಕಾಲು ತೊಳ್ಕೊಂಡೇ ಒಳಗೆ ಬರ್ಬೇಕು" ಎಂದ. ಹುಳುಗಳಿಗೆ ಹೊರಗಿನ ರೋಗ ತಗಲದಿರಲೆಂದು ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಬೆರೆಸಿದ ನೀರನ್ನು ಇಟ್ಟಿರುತ್ತಾರೆ. ನನಗೆ ಮೊಣಕಾಲು ನೋವು, ಬಗ್ಗಲು ತಡವಾಯಿತು. ಅವನು ಚೊಂಬನ್ನು ತೆಗೆದುಕೊಂಡು ತಾನೇ ಬಗ್ಗಿ ನನ್ನ ಕಾಲಿನ ಮೇಲೆ ನೀರು ಹುಯ್ದು, ಅಂಟಿದ್ದ ಮಣ್ಣನ್ನು ಕೈಯಿಂದ ತೊಳೆದ. ಅವನಿಗೆ ಅದು ಹುಳುಗಳ ಎಚ್ಚರಿಕೆ, ಅಷ್ಟೇ. ನನಗೆ ಮಾತ್ರ, ಗುರುವಾದವನು ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದ ಆ ಕೊನೆಯ ರಾತ್ರಿಯ ನೆನಪಾಗಿ ಗಂಟಲು ಕಟ್ಟಿತು. ಅಂದು ಪೇತ್ರನು ಬೇಡವೆಂದು ಹಿಂಜರಿದದ್ದೇಕೆಂದು ನನಗೆ ಆಗ ಅರ್ಥವಾಯಿತು.

ಒಳಗೆ ತಟ್ಟೆಗಳೆಲ್ಲ ನಿಶ್ಶಬ್ದವಾಗಿದ್ದವು. ಸೊಪ್ಪು ತಿನ್ನುವಾಗ ಮಳೆ ಬಿದ್ದಂತೆ ಕೇಳುವ ಸದ್ದು ಇರಲಿಲ್ಲ. "ನಾಲ್ಕನೇ ಜ್ವರಕ್ಕೆ ಕೂತಿವೆ ಸಾ" ಎಂದ. ಹುಳುಗಳು ತಲೆಯೆತ್ತಿ ಅಲುಗಾಡದೆ ಕುಳಿತಿದ್ದವು. ನೋಡುವವರಿಗೆ ನಿದ್ರೆ ಮಾಡುತ್ತಿರುವಂತೆ ಕಾಣುತ್ತದೆ.

ನಾನು ಹೇಳಬೇಕಾದುದನ್ನು ಹೇಳಿದೆ. ಮನೆಯಲ್ಲಿ ಚೆನ್ನಾಗಿ ಜೋಡಿಸಿಕೊಂಡು ಹೋಗಿದ್ದ ವಾಕ್ಯಗಳಾವುವೂ ಬರಲಿಲ್ಲ. "ಅಪ್ಪಾ, ಅಂದು ತರಗತಿಯಲ್ಲಿ ನಾನು ಆಡಿದ ಮಾತು ತಪ್ಪು. ತಿಳಿದೂ ತಿಳಿದೂ ಆಡಿದೆ. ನನ್ನನ್ನು ಕ್ಷಮಿಸು" ಎಂದಷ್ಟೇ ಅಂದೆ.

ಅವನು ಬಹಳ ಹೊತ್ತು ತಟ್ಟೆಗಳನ್ನೇ ನೋಡುತ್ತಿದ್ದ. ಆಮೇಲೆ, "ಮರ್ತುಹೋಯ್ತು ಅಂದ್ರೆ ಸುಳ್ಳಾಗ್ತದೆ ಸಾ. ನನ್ನ ಮದುವೇಲೂ ಒಬ್ಬ ಅದೇ ಹೆಸರು ಹಿಡಿದು ಕೂಗಿದ. ನನ್ನ ಹೆಂಡ್ತಿ ಏನದು ಅಂತ ಕೇಳಿದ್ಳು. ನಾನು ಹೇಳ್ಲಿಲ್ಲ" ಎಂದ. ಸ್ವಲ್ಪ ತಡೆದು, "ನೀವು ಬರ್ತೀರಿ ಅಂತ ಮಾತ್ರ ನಾನು ಅಂದ್ಕೊಂಡಿರ್ಲಿಲ್ಲ" ಎಂದ. ಕ್ಷಮಿಸಿದೆನೆಂದು ಹೇಳಲಿಲ್ಲ. ಸುಣ್ಣದ ಪುಡಿಯ ಡಬ್ಬವನ್ನು ತೆಗೆದುಕೊಂಡು ತಟ್ಟೆಗಳ ಮೇಲೆ ತೆಳ್ಳಗೆ ಉದುರಿಸುತ್ತಾ ಹೋದ. ಅವನ ಹೆಂಡತಿ ಕಾಫಿ ತಂದುಕೊಟ್ಟರು. ಕುಡಿದು ಬಂದೆ.

ದಾರಿಯುದ್ದಕ್ಕೂ ಮನಸ್ಸು ಹಗುರವಾಗಲಿಲ್ಲ. ಕ್ಷಮೆ ಕೇಳಿದವನಿಗೆ ತಕ್ಷಣ ಬಹುಮಾನ ಸಿಗಬೇಕೆಂಬ ಆಸೆಯೂ ಒಂದು ಬಗೆಯ ಬೇಡಿಕೆಯ ಪಟ್ಟಿಯೇ ಎಂದು ಆ ರಾತ್ರಿ ಪ್ರಾರ್ಥನೆಯಲ್ಲಿ ತಿಳಿಯಿತು.

ಸುಮಾರು ಒಂದು ತಿಂಗಳ ಮೇಲೆ, ಗೂಡು ಮಾರಿ ಮುಗಿದ ಮೇಲಿರಬೇಕು, ಒಂದು ಸಂಜೆ ಅವನು ನಮ್ಮ ಮನೆಯ ಮುಂದೆ ನಿಂತಿದ್ದ. ಜೊತೆಯಲ್ಲಿ ಹತ್ತನೆಯ ತರಗತಿಯ ಮಗಳು. "ಇವಳು ಕನ್ನಡದಲ್ಲಿ ಹಿಂದೆ ಸಾ. ವ್ಯಾಕರಣ ಅಂದ್ರೆ ಹೆದರ್ತಾಳೆ. ಹೇಳ್ಕೊಡ್ತೀರಾ?" ಎಂದ. ನಾನು ತಲೆಯಾಡಿಸಿದೆ. ಮಾತು ಬರಲಿಲ್ಲ. ಆ ವರ್ಷವೆಲ್ಲ ಆ ಹುಡುಗಿ ವಾರಕ್ಕೆ ಮೂರು ದಿನ ಬಂದು ಪಾಠ ಹೇಳಿಸಿಕೊಂಡಳು. ಒಂದು ದಿನ ಅವಳೂ ಪುಸ್ತಕದ ಮೇಲೆಯೇ ನಿದ್ರೆಹೋದಳು. ಮನೆಯಲ್ಲಿ ಕೊನೆಯ ವಾರದ ಹುಳು ಇತ್ತೆಂದು ನನಗೆ ಗೊತ್ತಿತ್ತು. ದೀಪವನ್ನು ಸಣ್ಣಗೆ ಮಾಡಿ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದೆ. ಆ ಅರ್ಧ ಗಂಟೆಯೇ ನನ್ನ ಜೀವನದ ಒಳ್ಳೆಯ ಪಾಠವೆಂದು ನಾನು ತಿಳಿದಿದ್ದೇನೆ.

ಯೋಹಾನನ ಸುವಾರ್ತೆಯ ಕೊನೆಯಲ್ಲಿ ಒಂದು ಮರುಪರೀಕ್ಷೆ ಬರುತ್ತದೆ. ಬೆಂಕಿಯ ಬಳಿ ನಿಂತು ಮೂರು ಬಾರಿ ಗುರುವನ್ನು ಅರಿಯೆನೆಂದ ಪೇತ್ರನಿಗೆ, ಸರೋವರದ ದಡದಲ್ಲಿ, ಇನ್ನೊಂದು ಬೆಂಕಿಯ ಬಳಿ, ಗುರುವು ಮೂರು ಬಾರಿ ಒಂದೇ ಪ್ರಶ್ನೆ ಕೇಳುತ್ತಾನೆ: ನನ್ನನ್ನು ಪ್ರೀತಿಸುತ್ತೀಯಾ? ಹಳೆಯ ತಪ್ಪನ್ನು ಎತ್ತಿ ಆಡುವುದಿಲ್ಲ. ಉತ್ತರ ಸಿಕ್ಕಿದೊಡನೆ ಕೈಗೆ ಕೆಲಸ ಕೊಡುತ್ತಾನೆ, ತನ್ನ ಕುರಿಮರಿಗಳನ್ನು ಮೇಯಿಸಬೇಕೆಂದು. ಆ ಕಥೆಯನ್ನು ನೂರು ಬಾರಿ ಓದಿದ್ದೆ. ಮನೆಯ ಮುಂದೆ ಒಬ್ಬ ತಂದೆ ಮಗಳನ್ನು ಕರೆತಂದು ನಿಲ್ಲಿಸಿದ ದಿನ ಅದು ನನಗೆ ಅರ್ಥವಾಯಿತು. ಆ ತಂದೆ ಕ್ರೈಸ್ತನಲ್ಲ, ಕೈವಾರದ ತಾತಯ್ಯನವರ ಭಕ್ತ. ಆದರೂ ನನ್ನ ಗುರುವು ನನಗೆ ಮರುಪರೀಕ್ಷೆ ನಡೆಸಿದ್ದು ಅವನ ಕೈಯಿಂದಲೇ.

ಶಿಷ್ಯತ್ವದಲ್ಲಿ ಬೆಳೆಯುವುದೆಂದರೇನು ಎಂದು ಯುವಕರು ಕೆಲವೊಮ್ಮೆ ಕೇಳುತ್ತಾರೆ. ನಾನು ಅವರಿಗೆ ಹುಳುವಿನ ಕಥೆ ಹೇಳುತ್ತೇನೆ. ಮೊಟ್ಟೆಯೊಡೆದು ಬಂದಂದಿನಿಂದ ಗೂಡು ಕಟ್ಟುವವರೆಗಿನ ಸುಮಾರು ನಾಲ್ಕು ವಾರಗಳಲ್ಲಿ ಅದು ನಾಲ್ಕು ಬಾರಿ ಜ್ವರಕ್ಕೆ ಕೂರುತ್ತದೆ. ತಿನ್ನುವುದನ್ನು ನಿಲ್ಲಿಸುತ್ತದೆ. ತಿಂದು ದೊಡ್ಡದಾದ ಮೈಗೆ ಹಳೆಯ ಚರ್ಮದಲ್ಲಿ ಸ್ಥಳ ಸಾಲದು. ಆ ಚರ್ಮವನ್ನು ಬಿಡದೆ ಮುಂದೆ ಬೆಳೆಯುವಂತಿಲ್ಲ. ವಾಕ್ಯ ಓದುವುದು, ಪ್ರಸಂಗ ಕೇಳುವುದು, ಹಾಡುವುದು, ಇವೆಲ್ಲ ಸೊಪ್ಪು ತಿಂದಂತೆ. ಅದೂ ಬೇಕು. ಆದರೆ ಎಷ್ಟು ತಿಂದರೂ, ನಮ್ಮ ಹಳೆಯ ಹೆಮ್ಮೆಯ ಚರ್ಮವನ್ನು ಬಿಡಬೇಕಾದ ದಿನ ಬಂದೇ ಬರುತ್ತದೆ. ಆಗ ಪ್ರಾರ್ಥನೆ ಒಣಗಿದಂತೆ, ದೇವರು ಮೌನವಾದಂತೆ ತೋರುತ್ತದೆ. ನನ್ನ ಆ ಮೂರು ವರ್ಷಗಳು ಒಂದು ಜ್ವರವೇ ಆಗಿದ್ದವು. ಹೊರಗಿನಿಂದ ನೋಡಿ, ಇದು ನಿದ್ರೆ ಮಾಡುತ್ತಿದೆ ಎಂದು ಯಾರನ್ನೂ ಹಳಿಯಬಾರದು. ನಾನು ಹಳಿದದ್ದರ ಫಲವನ್ನು ಮೇಲೆ ಓದಿದ್ದೀರಿ.

ಈಗಿನ ನನ್ನ ಕ್ರಮ ಬಹಳ ಸರಳ. ರಾತ್ರಿ ಮಲಗುವ ಮುನ್ನ ದಿನವನ್ನು ಅಭ್ಯಾಸ ಪುಸ್ತಕದಂತೆ ಗುರುವಿನ ಮುಂದೆ ಬಿಚ್ಚಿಡುತ್ತೇನೆ. ಮೂರು ಪ್ರಶ್ನೆ ಕೇಳುತ್ತೇನೆ. ಇಂದು ನೀನು ಕಲಿಸಿದ್ದೇನು? ನಾನು ಕಿವಿಗೊಡದೆ ಹೋದದ್ದೆಲ್ಲಿ? ನಾಳೆ ಯಾರ ಮನೆಯ ಬಾಗಿಲಿಗೆ ಹೋಗಬೇಕು? ಮೂರನೆಯ ಪ್ರಶ್ನೆಯೇ ಕಷ್ಟದ್ದು. ನನ್ನ ಪ್ರಾರ್ಥನೆಯ ಮಾತುಗಳನ್ನೂ ಕೇಳಿದವರಿಗಾಗಿ ಇಲ್ಲಿ ಬರೆದಿಡುತ್ತೇನೆ. ಇದು ನಾನೇ ಜೋಡಿಸಿಕೊಂಡದ್ದು:

"ನಡೆದು ಬರುವ ಗುರುವೇ, ನಾನು ಕುಳಿತಲ್ಲಿಗೆ ನೀನು ಬಂದೆ. ಏಳಲು ಕಲಿಸು. ನನ್ನ ಪುಸ್ತಕದಲ್ಲಿ ತಪ್ಪಿದ್ದಲ್ಲಿ ಗುರುತು ಹಾಕು, ಹೆಸರನ್ನು ಮಾತ್ರ ಹೊಡೆದುಹಾಕಬೇಡ. ನಾನು ನೋಯಿಸಿದವರ ಮುಖವನ್ನು ಮರೆಸಬೇಡ, ಅವರ ಬಾಗಿಲಿಗೆ ಹೋಗುವ ಬಲ ಕೊಡು. ಕಲಿಸಿದೆನೆಂಬ ಗರ್ವ ಬಂದಾಗ ನೀನು ಬಗ್ಗಿ ಕಾಲು ತೊಳೆದುದನ್ನು ನೆನಪಿಸು. ಆಮೆನ್."

ಇದನ್ನು ಬರೆಯಲೇ ಎಂದು ಅವನನ್ನು ಕೇ­ಳಿಯೇ ಬರೆದಿದ್ದೇನೆ. "ಬರೀರಿ ಸಾ, ಹೆಸರು ಮಾತ್ರ ಹಾಕ್ಬೇಡಿ, ಎರಡನ್ನೂ" ಎಂದ. ಮಗಳು ಹತ್ತನೆಯ ತರಗತಿ ಮುಗಿಸಿ ಮುಂದೆ ಓದಿದಳು. ಅವನು ಈಗಲೂ ಆಗಾಗ ನಮ್ಮ ಮನೆಗೆ ಬರುತ್ತಾನೆ, ಜಗಲಿಯ ಮೇಲೆ ಕುಳಿತು ಬೆಳೆಯ ವಿಷಯ, ಬೆಲೆಯ ವಿಷಯ ಮಾತನಾಡುತ್ತಾನೆ. ಒಳಗೆ ಬಾ ಎಂದರೆ, "ಇಲ್ಲೇ ಆಯ್ತು ಸಾ" ಎನ್ನುತ್ತಾನೆ. ಇಷ್ಟು ವರ್ಷಗಳಾದರೂ ಹೊಸ್ತಿಲು ದಾಟಿಲ್ಲ. ನಾನು ಬಲವಂತ ಮಾಡುವುದಿಲ್ಲ. ನಾನೂ ಹೊರಗೆ ಬಂದು ಅವನ ಪಕ್ಕದಲ್ಲಿ ಜಗಲಿಯ ಮೇಲೆಯೇ ಕುಳಿತುಕೊಳ್ಳುತ್ತೇನೆ.

ಪಕ್ಕದ ಮನೆಯ ಹಿರಿಯರು ಇಂದು ನಮ್ಮೊಡನಿಲ್ಲ. ಅವರು ಕೇಳಿದ ಪ್ರಶ್ನೆಗೆ ಅವರಿರುವಾಗಲೇ ನನ್ನ ಉತ್ತರವನ್ನು ಹೇಳಿದ್ದೆನೆಂಬುದೊಂದು ಸಮಾಧಾನ. ನಿಮ್ಮಲ್ಲಿ ಯಾರಿಗಾದರೂ ನನ್ನ ಮಾತಿನಿಂದ ಇಂಥದೇ ನೋವಾಗಿದ್ದು ನನಗೆ ನೆನಪಿಲ್ಲದಿದ್ದರೆ, ದಯವಿಟ್ಟು ತಿಳಿಸಿರಿ. ಮೊಣಕಾಲು ಇನ್ನೂ ಅಷ್ಟಿಷ್ಟು ನಡೆಯುತ್ತದೆ. ನಾನೇ ಬರುತ್ತೇನೆ.

ಎಲ್ಲರಿಗೂ ಒಳ್ಳೆಯದಾಗಲಿ.